ನಿಂತರೆ ಬಿಪಿ ಇಳಿಯುವ ಅಪ್ಪಾಜಿಗೆ ಹೊಟ್ಟೆ ಬೆಲ್ಟ್: ಎಂಟು ತಿಂಗಳು ಬಳಸಿದ ಮೇಲೆ

ಹೊಟ್ಟೆಗೆ ಕಟ್ಟುವ ಬೆಲ್ಟ್ ಬಗ್ಗೆ ಬರೆಯುತ್ತಿದ್ದೇನೆ. ಸಿಸೇರಿಯನ್ ಆದ ಬಾಣಂತಿಯರಿಗೆ, ಹೊಟ್ಟೆ ಆಪರೇಷನ್ ಆದವರಿಗೆ ಕೊಡುತ್ತಾರಲ್ಲ, ಅಗಲವಾದ ಎಲಾಸ್ಟಿಕ್ ಬೆಲ್ಟ್, ಅದೇ. ಅಂಗಡಿಯಲ್ಲಿ ಅಬ್ಡಾಮಿನಲ್ ಬೆಲ್ಟ್ ಅಂತ ಕೇಳಿದರೆ ಕೊಡುತ್ತಾರೆ. ನಮ್ಮ ಅಪ್ಪಾಜಿಗೆ ಯಾವ ಆಪರೇಷನ್ನೂ ಆಗಿಲ್ಲ. ಅವರಿಗಿರುವುದು ಪಾರ್ಕಿನ್ಸನ್, ಕೈ ನಡುಗುವ, ಮೈ ಬಿಗಿಯುವ ನರರೋಗ. ಅದರ ಜೊತೆಗೆ ಎದ್ದು ನಿಂತ ಕೂಡಲೇ ಬಿಪಿ ಇಳಿದುಬಿಡುವ ತೊಂದರೆ. ಇದಕ್ಕೂ ಹೊಟ್ಟೆ ಬೆಲ್ಟಿಗೂ ಏನು ಸಂಬಂಧ ಎಂದು ಎಂಟು ತಿಂಗಳ ಹಿಂದೆ ಯಾರಾದರೂ ಕೇಳಿದ್ದರೆ ನನಗೂ ಗೊತ್ತಿರಲಿಲ್ಲ. ಈಗ ದಿನಾ ಬೆಳಿಗ್ಗೆ ನಮ್ಮನೆಯಲ್ಲಿ ಕಾಫಿಗಿಂತ ಮೊದಲು ನೆನಪಾಗುವುದು ಈ ಬೆಲ್ಟ್. ಇದೇ ಪರಿಸ್ಥಿತಿಯಲ್ಲಿರುವ ಬೇರೆ ಮನೆಯವರಿಗೆ ಉಪಯೋಗವಾಗಲಿ ಎಂದು ನಮಗೆ ಆಗಿದ್ದನ್ನೆಲ್ಲ ಬರೆಯುತ್ತೇನೆ. ಸ್ವಲ್ಪ ಉದ್ದವಾಗುತ್ತದೆ.

ಅಪ್ಪಾಜಿ ದಾವಣಗೆರೆಯಲ್ಲಿ ಪೋಸ್ಟ್‌ಮ್ಯಾನ್ ಆಗಿದ್ದವರು. ಮೂವತ್ತು ವರ್ಷಕ್ಕೂ ಜಾಸ್ತಿ ಸೈಕಲ್ ತುಳಿದವರು, ಬಿಸಿಲಲ್ಲಿ ನಡೆದವರು. ಆರು ವರ್ಷದ ಹಿಂದೆ ಅವರ ಸಹಿ ಚಿಕ್ಕದಾಗುತ್ತಾ ಬಂತು. ಸಾಲು ಶುರುವಾದಾಗ ಇರುವ ಅಕ್ಷರ ಸಾಲಿನ ಕೊನೆಗೆ ಇರುವೆಯಷ್ಟಾಗುತ್ತಿತ್ತು. ಆಮೇಲೆ ಬಲಗೈ ನಡುಕ, ನಡೆಯುವಾಗ ಒಂದು ಕೈ ಬೀಸದೇ ಇರುವುದು. ಪಾರ್ಕಿನ್ಸನ್ ಎಂದು ಗೊತ್ತಾಗಿ ಮಾತ್ರೆ ಶುರುವಾಯಿತು, ಮಾತ್ರೆಯಿಂದ ಚೆನ್ನಾಗಿಯೇ ಇದ್ದರು. ತೊಂದರೆ ಶುರುವಾಗಿದ್ದು ನಾಲ್ಕು ವರ್ಷ ಕಳೆದ ಮೇಲೆ. ಬೆಳಿಗ್ಗೆ ಹಾಸಿಗೆಯಿಂದ ಎದ್ದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಗೋಡೆ ಹಿಡಿದುಕೊಳ್ಳುತ್ತಿದ್ದರು. ಕಣ್ಣು ಕತ್ತಲೆ ಬಂತು ಎನ್ನುತ್ತಿದ್ದರು. ಅಮ್ಮ ಪಿತ್ತ ಎಂದು ನಿಂಬೆಹಣ್ಣಿನ ಪಾನಕ ಮಾಡಿಕೊಡುತ್ತಿದ್ದರು. ನಾನು ಪಾರ್ಕಿನ್ಸನ್ ಜೋರಾಗಿದೆ, ಬ್ಯಾಲೆನ್ಸ್ ತಪ್ಪುತ್ತಿದೆ ಅಂದುಕೊಂಡಿದ್ದೆ. ಕತ್ತಿನ ಹಿಂದೆ, ಎರಡೂ ಭುಜಕ್ಕೆ ನೋವು ಎಂದು ಹೇಳುತ್ತಿದ್ದರು, ಅದಕ್ಕೆ ಮುಲಾಮು ಹಚ್ಚುತ್ತಿದ್ದೆವು. ಮಲಗಿದರೆ ಆ ನೋವು ತಾನಾಗಿಯೇ ಹೋಗುತ್ತಿತ್ತು. ಅದು ಮುಲಾಮಿನಿಂದ ಹೋಗಿದ್ದಲ್ಲ, ನಿಂತಾಗ ಬಿಪಿ ಇಳಿದು ಬರುತ್ತಿದ್ದ ನೋವು ಎಂದು ನಮಗೆ ಹೊಳೆಯಲೇ ಇಲ್ಲ.

ಒಂದು ದಿನ ಬಿಸಿನೀರಿನ ಸ್ನಾನ ಮಾಡಿ ಬಚ್ಚಲಿನಿಂದ ಹೊರಗೆ ಬಂದವರು ಬವಳಿ ಬಂದು ಬಿದ್ದರು. ಹುಬ್ಬಿನ ಮೇಲೆ ನಾಲ್ಕು ಹೊಲಿಗೆ. ಕ್ಲಿನಿಕ್ಕಿನಲ್ಲಿ ಕುರ್ಚಿಯಲ್ಲಿ ಕೂರಿಸಿ ಬಿಪಿ ನೋಡಿದರು, 130/80. ನಾರ್ಮಲ್ ಇದೆ, ವಯಸ್ಸಾಯಿತಲ್ಲ ಎಂದು ಕಳಿಸಿದರು. ಮುಂದಿನ ಎರಡು ತಿಂಗಳಲ್ಲಿ ಇನ್ನೂ ಎರಡು ಸಲ ಬಿದ್ದರು. ಎರಡು ಸಲವೂ ಬಿಪಿ ನೋಡಿದ್ದು ಕೂತಾಗಲೇ, ಎರಡು ಸಲವೂ ನಾರ್ಮಲ್.

ಕೊನೆಗೆ ನರರೋಗದ ಡಾಕ್ಟರ್ ಒಬ್ಬರು ಬೇರೆ ಥರ ನೋಡಿದರು. ಐದು ನಿಮಿಷ ಮಲಗಿಸಿ ಬಿಪಿ ತೆಗೆದುಕೊಂಡರು, 142/84. ಆಮೇಲೆ ನಿಲ್ಲಿಸಿ ಒಂದು ನಿಮಿಷಕ್ಕೆ ನೋಡಿದರು, 104/64. ಮೂರು ನಿಮಿಷಕ್ಕೆ 92/58. ಅಪ್ಪಾಜಿ ನಿಂತುಕೊಂಡೇ ಇದ್ದರು, ಮುಖ ಬೆಳ್ಳಗಾಗಿತ್ತು, ಕೇಳಿದ್ದಕ್ಕೆ ಉತ್ತರ ನಿಧಾನವಾಗಿ ಬರುತ್ತಿತ್ತು. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದು ತೊಂದರೆ ಎಂದು ಲೆಕ್ಕವಂತೆ, ಇವರದು 50 ಇಳಿದಿತ್ತು. ಇನ್ನೊಂದು ವಿಷಯ ತೋರಿಸಿದರು. ನಾಡಿ ಮಲಗಿದಾಗ 70 ಇದ್ದದ್ದು ನಿಂತಾಗ 76 ಆಗಿತ್ತು, ಅಷ್ಟೇ. ನೀರು ಕಡಿಮೆಯಾಗಿ ಬಿಪಿ ಇಳಿದವರಿಗೆ ಸಾಮಾನ್ಯವಾಗಿ ಎದೆ ಬಡಿತ ಜೋರಾಗುತ್ತದೆ, ಬಿಪಿ ಇಷ್ಟು ಇಳಿದರೂ ನಾಡಿ ಏರಲಿಲ್ಲ ಎಂದರೆ ಏರಿಸಬೇಕಾದ ನರಗಳೇ ಕೆಲಸ ಮಾಡುತ್ತಿಲ್ಲ ಎಂದರು.

ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ನಾವು ಎದ್ದು ನಿಂತಾಗ ಅರ್ಧ ಲೀಟರಿನಿಂದ ಒಂದು ಲೀಟರಿನಷ್ಟು ರಕ್ತ ಹೊಟ್ಟೆಗೆ, ಕಾಲಿಗೆ ಇಳಿಯುತ್ತದೆ. ಎಲ್ಲರಿಗೂ ಇಳಿಯುತ್ತದೆ. ಆದರೆ ಆರೋಗ್ಯವಾಗಿರುವವರಲ್ಲಿ ನರಗಳು ತಕ್ಷಣ ರಕ್ತನಾಳಗಳನ್ನು ಬಿಗಿ ಮಾಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ, ನಮಗೆ ಗೊತ್ತೂ ಆಗುವುದಿಲ್ಲ. ಪಾರ್ಕಿನ್ಸನ್ ಬರೀ ಮೆದುಳಿನ ಕಾಯಿಲೆ ಅಲ್ಲ. ಹೃದಯಕ್ಕೆ, ರಕ್ತನಾಳಕ್ಕೆ, ಕರುಳಿಗೆ ಹೋಗುವ ಸಣ್ಣ ನರಗಳೂ ಹಾಳಾಗುತ್ತವೆ. ಆ ನರಗಳ ತುದಿಯಿಂದ ಬರಬೇಕಾದ, ರಕ್ತನಾಳ ಬಿಗಿ ಮಾಡುವ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಬರುವುದಿಲ್ಲ, ರಕ್ತನಾಳ ಬಿಗಿಯಾಗುವುದಿಲ್ಲ, ರಕ್ತ ಕೆಳಗೇ ಉಳಿದುಬಿಡುತ್ತದೆ. ಪಾರ್ಕಿನ್ಸನ್ ಇರುವವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಈ ತೊಂದರೆ ಇರುತ್ತದಂತೆ. ಇಷ್ಟೊಂದು ಜನರಿಗೆ ಇರುವ ತೊಂದರೆಯನ್ನು ನಿಲ್ಲಿಸಿ ಬಿಪಿ ನೋಡಿದರೆ ಮೂರು ನಿಮಿಷದಲ್ಲಿ ಕಂಡುಹಿಡಿಯಬಹುದು, ಆದರೂ ನಮಗೆ ಗೊತ್ತಾಗಲು ಮೂರು ಬೀಳುವಿಕೆ ಬೇಕಾಯಿತು. ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆ ಬಗ್ಗೆ ಬರೆದದ್ದು 1817ರಲ್ಲಿ. ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡುವ ಸಾಧನವನ್ನು ಇಟಲಿಯ ರೀವಾ ರೋಚಿ ಮಾಡಿದ್ದು 1896ರಲ್ಲಿ. ಪಾರ್ಕಿನ್ಸನ್ ಅವರ ಕೈಯಲ್ಲಿ ಅದು ಇರಲಿಲ್ಲ. ನಮ್ಮ ಕಾಲದಲ್ಲಿ ಬೀದಿಗೊಂದು ಇದೆ.

ಆವತ್ತು ಡಾಕ್ಟರ್ ಮೊದಲು ಮಾಡಿದ್ದು ಮಾತ್ರೆಗಳ ಚೀಲ ಸುರಿದು ನೋಡಿದ್ದು. ಅದರಲ್ಲಿ ಪಾರ್ಕಿನ್ಸನ್ ಬರುವುದಕ್ಕೂ ಮುಂಚಿನ ಬಿಪಿ ಮಾತ್ರೆ ಒಂದಿತ್ತು, ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್ಸುಲೋಸಿನ್ ಒಂದಿತ್ತು. ಎರಡೂ ಬಿಪಿ ಇಳಿಸುವಂಥವೇ. ಒಂದನ್ನು ನಿಲ್ಲಿಸಿದರು, ಇನ್ನೊಂದನ್ನು ಮೂತ್ರದ ಡಾಕ್ಟರ ಹತ್ತಿರ ಮಾತಾಡಿ ಬದಲಾಯಿಸಿದರು. ಪಾರ್ಕಿನ್ಸನ್ನಿಗೆ ಕೊಡುವ ಲೆವೊಡೋಪಾ ಕೂಡ ಬಿಪಿ ಇಳಿಸುತ್ತದೆ. ಇದು ಕೇಳಿದ ತಕ್ಷಣ ನಾನು ಹಾಗಾದರೆ ಅದನ್ನೂ ಕಡಿಮೆ ಮಾಡೋಣವಾ ಎಂದೆ. ಅವರು ಕೈ ಅಡ್ಡ ಹಿಡಿದು, ಅದನ್ನು ಮಾತ್ರ ನೀವಾಗಿ ಮುಟ್ಟಬೇಡಿ, ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಮೈಯೆಲ್ಲ ಬಿಗಿದು ಜ್ವರ ಬಂದು ಪ್ರಾಣಕ್ಕೇ ಅಪಾಯ ಎಂದರು. ಇದನ್ನು ದಯವಿಟ್ಟು ನೆನಪಿಡಿ. ಕೆಲವರು ನಸುಗುನ್ನಿ ಕಾಯಿ ಪುಡಿಯನ್ನೂ ಜೊತೆಗೆ ಕೊಡುತ್ತಾರೆ, ಅದರಲ್ಲಿಯೂ ಲೆವೊಡೋಪಾನೇ ಇರುವುದು, ಡಾಕ್ಟರಿಗೆ ಹೇಳದೆ ಕೊಟ್ಟರೆ ಲೆಕ್ಕ ತಪ್ಪುತ್ತದೆ.

ಹೊಸ ಮಾತ್ರೆ ಬರೆಯುವ ಮೊದಲು ಎರಡು ತಿಂಗಳು ಇದನ್ನೆಲ್ಲ ಮಾಡಿ ಎಂದು ನೀರು, ಉಪ್ಪು, ಮಂಚ, ಬೆಲ್ಟ್ ಹೇಳಿದರು. ಬೆಲ್ಟ್ ಎಂದಾಗ ಅಪ್ಪಾಜಿ ನನ್ನ ಮುಖ ನೋಡಿದರು.

ಈಗ ಬೆಲ್ಟಿನ ವಿಷಯ. ಮೊದಲ ಅಂಗಡಿಯಲ್ಲಿ ನಮಗೆ ಕೊಟ್ಟದ್ದು ಸೊಂಟದ ಬೆಲ್ಟ್. ಹಿಂದೆ ಗಟ್ಟಿ ಪಟ್ಟಿ ಇರುತ್ತದಲ್ಲ, ಬೆನ್ನುನೋವಿನವರು ಹಾಕಿಕೊಳ್ಳುವುದು. ಬಿಪಿಗೆ ಎಂದು ಹೇಳಿದರೂ ಅದೇ ಇದು ಎಂದು ಕೊಟ್ಟರು. ಅದು ಬೆನ್ನನ್ನು ಹಿಡಿಯುತ್ತದೆ, ಹೊಟ್ಟೆಯನ್ನು ಸಮನಾಗಿ ಒತ್ತುವುದಿಲ್ಲ. ವಾಪಸ್ ತೆಗೆದುಕೊಳ್ಳಲಿಲ್ಲ, ಆ ದುಡ್ಡು ಹೋಯಿತು. ಎರಡನೇ ಕಡೆ ಸರ್ಜಿಕಲ್ಸ್ ಅಂಗಡಿಯಲ್ಲಿ ಸರಿಯಾದದ್ದು ಸಿಕ್ಕಿತು, 620 ರೂಪಾಯಿ. ಒಂಬತ್ತು ಇಂಚು ಅಗಲ, ಮೂರು ಪಟ್ಟಿ ಸೇರಿಸಿ ಹೊಲಿದದ್ದು, ಮುಂದೆ ಚರ್ ಎಂದು ಅಂಟುವ ವೆಲ್ಕ್ರೋ. ಪಕ್ಕೆಲುಬಿನ ಕೆಳಗಿನಿಂದ ಸೊಂಟದ ಮೂಳೆಯವರೆಗೆ ಮುಚ್ಚಬೇಕು, ಆರು ಇಂಚಿನದು ಅಪ್ಪಾಜಿಯ ಎತ್ತರದವರಿಗೆ ಸಾಲದು. ಸೈಜ್ ತೆಗೆದುಕೊಳ್ಳುವಾಗ ಪ್ಯಾಂಟಿನ ಅಳತೆ ಹೇಳಬೇಡಿ. ಹೊಕ್ಕುಳದ ಸುತ್ತ ಟೇಪ್ ಹಿಡಿದು ಅಳೆದು ಹೇಳಿ. ಹರ್ನಿಯಾ ಇದ್ದವರು, ಹೊಟ್ಟೆಗೆ ಆಪರೇಷನ್ ಆದವರು ಡಾಕ್ಟರನ್ನು ಕೇಳದೆ ಕಟ್ಟಬಾರದು.

ಅಮ್ಮ ಬೆಲ್ಟ್ ನೋಡಿದ ಕೂಡಲೇ, ‘ಇದು ನಮ್ಮವ್ವ ನನಗೆ ಬಾಣಂತನದಲ್ಲಿ ಹಳೇ ಸೀರೆ ಬಿಗಿದು ಕಟ್ಟಿದ್ದಲ್ವಾ’ ಎಂದರು. ಹೌದು, ಅದೇ ಕೆಲಸ. ಹೊಟ್ಟೆಯ ರಕ್ತನಾಳಗಳಲ್ಲಿ ನಿಂತುಬಿಡುವ ರಕ್ತವನ್ನು ಹೊರಗಿನಿಂದ ಒತ್ತಿ ಮೇಲಕ್ಕೆ ಕಳಿಸುವುದು. ಕಾಲಿಗಿಂತ ಹೊಟ್ಟೆಯಲ್ಲೇ ಜಾಸ್ತಿ ರಕ್ತ ಸೇರುತ್ತದೆ, ಅದಕ್ಕೇ ಹೊಟ್ಟೆ ಕಟ್ಟಿದರೆ ಕಾಲು ಕಟ್ಟಿದ್ದಕ್ಕಿಂತ ಫಲ ಹೆಚ್ಚು. ಅಪ್ಪಾಜಿ ಮೊದಲ ದಿನ ಕಟ್ಟಿಸಿಕೊಂಡು, ‘ಡ್ಯೂಟಿ ಬೆಲ್ಟ್ ಹಾಕಿದ ಹಾಗಾಯಿತು ತಾಯಿ’ ಎಂದರು. ಖಾಕಿ ಮೇಲೆ ಅಷ್ಟು ವರ್ಷ ಬೆಲ್ಟ್ ಬಿಗಿದವರು, ಬೇಡ ಎನ್ನಲಿಲ್ಲ. ನನಗೆ ಅದೇ ದೊಡ್ಡ ಸಮಾಧಾನ.

ಕಟ್ಟುವ ಸಮಯ ಎಲ್ಲಕ್ಕಿಂತ ಮುಖ್ಯ. ಎದ್ದ ಮೇಲೆ ಕಟ್ಟಿದರೆ ಅಷ್ಟರಲ್ಲಿ ರಕ್ತ ಇಳಿದಾಗಿರುತ್ತದೆ. ಮಲಗಿದ್ದಾಗಲೇ ಕಟ್ಟಬೇಕು. ನಮ್ಮಲ್ಲಿ ಬೆಳಿಗ್ಗೆ ಹೀಗೆ ನಡೆಯುತ್ತದೆ. ಆರೂವರೆಗೆ ಎಚ್ಚರವಾಗುತ್ತದೆ. ದಿಂಬಿಗೆ ಒರಗಿಸಿ ತಂಬಿಗೆಯಲ್ಲಿಟ್ಟ ಅರ್ಧ ಲೀಟರ್ ನೀರನ್ನು ಐದು ಹತ್ತು ನಿಮಿಷದಲ್ಲಿ ಕುಡಿಸುತ್ತೇವೆ. ಈ ನೀರಿನ ಕೆಲಸವನ್ನು ನಾನು ಮೊದಲು ನಂಬಿರಲಿಲ್ಲ. ಬೇಗ ಕುಡಿದ ಅರ್ಧ ಲೀಟರ್ ನೀರು ಇಂಥವರಲ್ಲಿ ಅರ್ಧ ಗಂಟೆಯೊಳಗೆ ಬಿಪಿಯನ್ನು ನಿಜಕ್ಕೂ ಏರಿಸುತ್ತದೆ, ಒಂದು ಗಂಟೆಯ ಮೇಲೆ ಅದು ಇಳಿಯುತ್ತಾ ಹೋಗುತ್ತದೆ. ನೀರು ಕುಡಿದ ಮೇಲೆ ಮಲಗಿಸಿ, ಬನಿಯನ್ ಮೇಲೆ ಬೆಲ್ಟ್ ಸುತ್ತಿ, ಉಸಿರು ಬಿಟ್ಟಾಗ ಅಂಟಿಸುತ್ತೇವೆ. ಎರಡು ಬೆರಳು ತೂರುವಷ್ಟು ಸಡಿಲ ಇರಬೇಕು, ಉಸಿರಾಟಕ್ಕೆ ತೊಂದರೆಯಾಗಬಾರದು. ಆಮೇಲೆ ಮಂಚದ ಅಂಚಿಗೆ ಕೂರಿಸಿ ಎರಡು ನಿಮಿಷ ಪಾದ ಮೇಲೆ ಕೆಳಗೆ ಆಡಿಸುವುದು, ಮುಷ್ಟಿ ಬಿಗಿಯುವುದು. ಆಮೇಲೆ ನಿಲ್ಲುವುದು. ನಿಂತ ಮೇಲೂ ಅರ್ಧ ನಿಮಿಷ ಅಲ್ಲೇ. ಒಟ್ಟು ಇಪ್ಪತ್ತು ನಿಮಿಷ ಬೇಕು. ಮೊದಲೆಲ್ಲ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಈ ಇಪ್ಪತ್ತು ನಿಮಿಷ ನನಗೆ ತುಂಬ ಕಷ್ಟವಾಗುತ್ತಿತ್ತು, ಒಂದೆರಡು ಸಲ ಅಪ್ಪಾಜಿ ಮೇಲೆ ರೇಗಿದ್ದೂ ಇದೆ, ಅದನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ.

ಫಲ ಸಿಗುತ್ತದಾ ಎಂದು ನೋಡಲು ನಾವು ಎಂಟು ದಿನ ಸರಿಯಾಗಿ ಬರೆದಿಟ್ಟೆವು. ಆಗ ಬಿಪಿ ಏರಿಸುವ ಮಾತ್ರೆ ಇನ್ನೂ ಶುರು ಮಾಡಿರಲಿಲ್ಲ. ನಾಲ್ಕು ದಿನ ಬೆಲ್ಟ್ ಇಲ್ಲದೆ, ನಾಲ್ಕು ದಿನ ಬೆಲ್ಟ್ ಕಟ್ಟಿ, ಅದೇ ಹೊತ್ತಿಗೆ, ಅದೇ ಕೈಗೆ. ಎರಡೂ ವೇಳೆ ನೀರು ಕುಡಿಸಿಯೇ ನೋಡಿದ್ದು. ಬೆಲ್ಟ್ ಇಲ್ಲದ ದಿನ ನಿಂತ ಮೂರು ನಿಮಿಷಕ್ಕೆ ಮೇಲಿನ ಅಂಕಿ 94ರಿಂದ 100. ಬೆಲ್ಟ್ ಇದ್ದ ದಿನ 108ರಿಂದ 116. ಹತ್ತು ಹದಿನೈದು ಪಾಯಿಂಟ್ ಎಂದರೆ ಏನು ಮಹಾ ಎನ್ನಿಸಬಹುದು. 95ಕ್ಕೆ ಅಪ್ಪಾಜಿ ಗೋಡೆ ಹಿಡಿಯುತ್ತಾರೆ, 110ಕ್ಕೆ ತಾವೇ ಹಲ್ಲುಜ್ಜಿಕೊಂಡು ಬಂದು ಪೇಪರ್ ಕೇಳುತ್ತಾರೆ. ನಮಗೆ ಆ ಹದಿನೈದು ಪಾಯಿಂಟ್ ಎಂದರೆ ಅಷ್ಟು. ಡಾಕ್ಟರ್ ಕೂಡ, ನಿಂತಾಗ ಮೇಲಿನದು 100ರ ಮೇಲಿದ್ದು ತಲೆ ಸುತ್ತದಿದ್ದರೆ ಸಾಕು, ಅಂಕಿಯ ಹಿಂದೆ ಓಡಬೇಡಿ ಎಂದರು. ಬೆಲ್ಟ್ ಒಗೆದು ಒಣಗದ ಒಂದು ದಿನ ಅಮ್ಮ ತಮ್ಮ ಹಳೇ ಕಾಟನ್ ಸೀರೆ ಮಡಚಿ ಬಿಗಿದು ಕಟ್ಟಿದರು, 104 ಬಂತು. ಬೆಲ್ಟಿನಷ್ಟಿಲ್ಲ, ಆದರೂ ಏನೂ ಇಲ್ಲದ್ದಕ್ಕಿಂತ ಮೇಲು.

ಬಿಪಿ ನೋಡುವ ಮಿಷನ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅದಿಲ್ಲದೆ ಬೆಲ್ಟ್ ಕೆಲಸ ಮಾಡುತ್ತಿದೆಯಾ ಎಂದು ಗೊತ್ತಾಗುವುದಿಲ್ಲ. ತೋಳಿಗೆ ಕಟ್ಟುವುದನ್ನೇ ತೆಗೆದುಕೊಳ್ಳಿ. ನಮ್ಮ ಸಂಬಂಧಿಕರೊಬ್ಬರು ಪ್ರೀತಿಯಿಂದ ಮಣಿಕಟ್ಟಿನದು ತಂದುಕೊಟ್ಟರು, ಅದು ಕೈ ಸ್ವಲ್ಪ ಕೆಳಗಿದ್ದರೆ ಒಂದು ಅಂಕಿ, ಮೇಲಿದ್ದರೆ ಇನ್ನೊಂದು. ಮಿಷನ್ ತೋಳಿನ ಪಟ್ಟಿಯೊಳಗಿನ ಸಣ್ಣ ಮಿಡಿತ ಹಿಡಿದು ಲೆಕ್ಕ ಮಾಡುತ್ತದೆ, ಕೈ ನಡುಗಿದರೆ ಅದಕ್ಕೆ ಗೊಂದಲವಾಗುತ್ತದೆ. ನಡುಕ ಕಡಿಮೆ ಇರುವ ಕೈಗೇ ಕಟ್ಟಬೇಕು, ಅಪ್ಪಾಜಿಗೆ ಎಡಗೈ. ಎರರ್ ಬಂದರೆ ಒಂದು ನಿಮಿಷ ಬಿಟ್ಟು ಮತ್ತೆ. ನಿಲ್ಲಿಸಿ ನೋಡುವಾಗ ಕೈ ಕೆಳಗೆ ಜೋತುಬಿಟ್ಟರೆ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ, ತೋಳು ಎದೆಯ ಮಟ್ಟಕ್ಕಿರಬೇಕು. ನಾವು ಸ್ಟೂಲ್, ಕಿಟಕಿ ಕಟ್ಟೆ ಎಲ್ಲ ನೋಡಿದೆವು, ಯಾವುದೂ ಎತ್ತರ ಸರಿಹೋಗಲಿಲ್ಲ. ಕೊನೆಗೆ ಸರಿಹೋಗಿದ್ದು ಅಮ್ಮನ ಹೆಗಲು. ಅಮ್ಮ ಗಿಡ್ಡ, ಎದುರಿಗೆ ನಿಲ್ಲುತ್ತಾರೆ, ಅಪ್ಪಾಜಿ ಎಡಗೈ ಅವರ ಹೆಗಲ ಮೇಲಿಡುತ್ತಾರೆ. ಒಂದು ವೇಳೆ ಬಿದ್ದರೆ ಹಿಡಿಯಲು ನಾನು ಹಿಂದೆ. ಬಿಪಿ ನೋಡುವಾಗ ಯಾರೂ ಮಾತಾಡಬಾರದು ಎಂದು ಹೇಳಿದ್ದೇನೆ, ಹಾಗಾಗಿ ಇಬ್ಬರೂ ಸುಮ್ನೆ ಒಬ್ಬರನ್ನೊಬ್ಬರು ನೋಡುತ್ತಾ ನಿಂತಿರುತ್ತಾರೆ. ಅಂಕಿಗಳನ್ನು ಅಪ್ಪಾಜಿಯೇ ಬರೆಯುತ್ತಾರೆ, ರಿಜಿಸ್ಟರ್ ಪುಸ್ತಕದಲ್ಲಿ ಗೆರೆ ಎಳೆದು, ಮಲಗಿದಾಗ, ನಿಂತ ಒಂದು ನಿಮಿಷ, ಮೂರು ನಿಮಿಷ ಎಂದು. ಅಕ್ಷರ ಓದಲು ನನಗೆ ಭೂತಗನ್ನಡಿ ಬೇಕಾಗುತ್ತದೆ, ಆದರೆ ಒಂದು ದಿನವೂ ತಪ್ಪಿಸಿಲ್ಲ.

ಇನ್ನು ಬೆಲ್ಟಿನ ಕುಂದು. ಒಂದು, ಪಾರ್ಕಿನ್ಸನ್ ಇರುವವರು ಇದನ್ನು ತಾವೇ ಕಟ್ಟಿಕೊಳ್ಳಲಾರರು. ವೆಲ್ಕ್ರೋ ತುದಿ ಚಪ್ಪಟೆಯಾಗಿದೆ, ಹಿಡಿಯಲು ಏನೂ ಇಲ್ಲ, ಬಿಗಿದ ಬೆರಳಿಗೆ, ನಡುಗುವ ಬೆರಳಿಗೆ ಅದು ಸಿಗುವುದೇ ಇಲ್ಲ. ಬಾಣಂತಿಯರನ್ನು ನೆನೆದು ಮಾಡಿದ ವಸ್ತು, ಇವರನ್ನು ನೆನೆದು ಮಾಡಿದ್ದಲ್ಲ. ಅಮ್ಮ ಸೀರೆಯ ಅಂಚು ಕತ್ತರಿಸಿ ಎರಡೂ ತುದಿಗೆ ಹೆಬ್ಬೆರಳು ತೂರುವ ಹಾಗೆ ಲೂಪ್ ಹೊಲಿದರು. ಅದಾದ ಮೇಲೆ ಅಪ್ಪಾಜಿ ಬಿಚ್ಚುವುದನ್ನಾದರೂ ತಾವೇ ಮಾಡಿಕೊಳ್ಳುತ್ತಾರೆ. ಎರಡು ಹೆಬ್ಬೆರಳಿನ ಲೂಪ್ ಹೊಲಿಯಲು ಕಂಪನಿಯವರಿಗೆ ಎಷ್ಟು ಖರ್ಚಾದೀತು? ದಯವಿಟ್ಟು ಯಾರಾದರೂ ಮಾಡಿ.

ಎರಡನೆಯದು ಸೆಕೆ. ದಾವಣಗೆರೆಯ ಏಪ್ರಿಲ್ ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹನ್ನೊಂದು ಗಂಟೆಗೇ ಬೆಲ್ಟ್ ಒಳಗೆ ಬೆವರು ಇಳಿದು, ಹೊಟ್ಟೆ ಸುತ್ತ ಬೆವರುಸಾಲೆ ಎದ್ದಿತು. ಸೆಕೆಯಲ್ಲೇ ಬಿಪಿ ಜಾಸ್ತಿ ಇಳಿಯುವುದು, ಬೆಲ್ಟ್ ಬೇಕಾಗುವುದೂ ಆಗಲೇ. ತೆಳು ಹತ್ತಿ ಬನಿಯನ್ ಒಳಗೆ ಹಾಕಿ, ಮಧ್ಯಾಹ್ನ ಮಲಗಿದಾಗ ಬಿಚ್ಚಿ, ಬನಿಯನ್ ಬದಲಾಯಿಸಿ ಮತ್ತೆ ಕಟ್ಟುತ್ತಿದ್ದೆವು. ಬೇರೆ ದಾರಿ ಸಿಗಲಿಲ್ಲ. ಮೂರನೆಯದು, ಕೂತರೆ ಮೇಲಕ್ಕೆ ಸುರುಳಿ ಸುತ್ತಿಕೊಳ್ಳುತ್ತದೆ. ಹೊಟ್ಟೆ ಸ್ವಲ್ಪ ಇದ್ದವರಿಗೆ ಇನ್ನೂ ಜಾಸ್ತಿ. ಆರು ತಿಂಗಳಿಗೆ ಎಲಾಸ್ಟಿಕ್ ಸಡಿಲವಾಯಿತು, ವೆಲ್ಕ್ರೋಗೆ ದಾರ, ಕೂದಲು ಸೇರಿ ಅಂಟುವುದು ಕಡಿಮೆಯಾಯಿತು. ಬಾಚಣಿಗೆಯಲ್ಲಿ ಬಾಚಿ ತೆಗೆದರೆ ಸ್ವಲ್ಪ ದಿನ ಬರುತ್ತದೆ. ಕೈಯಲ್ಲೇ ಒಗೆದು ನೆರಳಲ್ಲಿ ಒಣಗಿಸಬೇಕು, ನಾವು ಒಂದು ಸಲ ಬಿಸಿಲಿಗೆ ಹಾಕಿ ಕೆಡಿಸಿದೆವು.

ಇದಕ್ಕಿಂತ ಮುಂಚೆ ತೊಡೆವರೆಗಿನ ಬಿಗಿ ಕಾಲುಚೀಲವನ್ನೂ ತಂದಿದ್ದೆವು. ಎರಡು ಸಾವಿರಕ್ಕೂ ಮೇಲೆ ಕೊಟ್ಟೆವು. ಹಾಕಲು ಅಮ್ಮ ಒಂದು ಕಾಲು, ನಾನು ಒಂದು ಕಾಲು ಹಿಡಿದು ಅರ್ಧ ಗಂಟೆ. ಅಪ್ಪಾಜಿಗೆ ನೋವು, ಅಮ್ಮನಿಗೆ ಬೆರಳು ನೋವು. ನಾಲ್ಕು ದಿನಕ್ಕೆ ಬಿಟ್ಟೆವು. ಕೈಲಾಗುವವರಿಗೆ ಸೊಂಟದವರೆಗೆ ಬರುವಂಥದ್ದು ಒಳ್ಳೆಯದಂತೆ, ಮೊಣಕಾಲಿನವರೆಗಿನದು ಈ ತೊಂದರೆಗೆ ಅಷ್ಟು ಪ್ರಯೋಜನವಿಲ್ಲ.

ಮಲಗಿದಾಗ ಬೆಲ್ಟ್ ತೆಗೆಯಲೇಬೇಕು, ಇದನ್ನು ಯಾವ ಅಂಗಡಿಯವರೂ ಹೇಳಲಿಲ್ಲ, ಪೊಟ್ಟಣದ ಮೇಲೂ ಇರಲಿಲ್ಲ. ನಿಂತಾಗ ಬಿಪಿ ಇಳಿಯುವ ಇವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮಲಗಿದಾಗ ಬಿಪಿ ತುಂಬ ಏರುತ್ತದೆ. ಅಪ್ಪಾಜಿಗೆ ಒಂದು ರಾತ್ರಿ ಹತ್ತು ಗಂಟೆಗೆ ಮಲಗಿದಾಗ ನೋಡಿದರೆ 168/92. ಬೆಳಿಗ್ಗೆ 95 ಇದ್ದ ಅದೇ ಮನುಷ್ಯ. ಏರಿಸಬೇಕಾದಾಗ ಏರಿಸುವ, ಇಳಿಸಬೇಕಾದಾಗ ಇಳಿಸುವ ಹಿಡಿತವೇ ತಪ್ಪಿರುವುದರಿಂದ ಎರಡೂ ಕಡೆ ತೊಂದರೆ. ರಾತ್ರಿ ಬಿಪಿ ಏರಿದರೆ ಮೂತ್ರಪಿಂಡ ಉಪ್ಪು ನೀರನ್ನು ಜಾಸ್ತಿ ಹೊರಹಾಕುತ್ತದೆ, ರಾತ್ರಿಯಿಡೀ ಮೂತ್ರಕ್ಕೆ ಏಳುವುದು, ಬೆಳಿಗ್ಗೆ ಮೈಯಲ್ಲಿ ನೀರೇ ಇಲ್ಲದೆ ಬಿಪಿ ಮತ್ತೂ ಇಳಿಯುವುದು. ಮಂಚದ ತಲೆಯ ಕಡೆಯ ಎರಡು ಕಾಲಿನ ಕೆಳಗೆ ಇಟ್ಟಿಗೆ ಇಟ್ಟು ಆರು ಇಂಚು ಎತ್ತರಿಸಿದ್ದು ಇದಕ್ಕೇ. ದಿಂಬು ಜಾಸ್ತಿ ಇಟ್ಟರೆ ಕತ್ತು ಮಾತ್ರ ಬಾಗುತ್ತದೆ, ಮಂಚವೇ ಓರೆಯಾಗಬೇಕು. ಮೊದಲ ಎರಡು ರಾತ್ರಿ ಕೆಳಕ್ಕೆ ಜಾರುತ್ತಿದ್ದೇನೆ ಎಂದರು, ಆಮೇಲೆ ಒಗ್ಗಿತು. ರಾತ್ರಿ ನಾಲ್ಕು ಸಲ ಏಳುತ್ತಿದ್ದವರು ಈಗ ಎರಡು ಸಲ. ಆ ಎರಡು ಸಲವೂ ಮಂಚದ ಪಕ್ಕದಲ್ಲೇ ಕೂತು ಮೂತ್ರ ಮಾಡಲು ಪಾತ್ರೆ ಇಟ್ಟಿದ್ದೇವೆ. ರಾತ್ರಿ ನಿಂತು ಮೂತ್ರ ಮಾಡುವಾಗ ಬೀಳುವವರು ಬಹಳ.

ಊಟದ ಮೇಲೂ ಬಿಪಿ ಇಳಿಯುತ್ತದೆ. ಅರಗಿಸಲು ರಕ್ತ ಕರುಳಿಗೆ ಹೋಗುತ್ತದೆ, ಅದನ್ನು ಸರಿದೂಗಿಸುವ ನರ ಇಲ್ಲ. ಭಾನುವಾರ ಬೆಣ್ಣೆ ದೋಸೆ ಮೂರು ತಿಂದು ಎದ್ದವರು ಕೈತೊಳೆಯುವ ಜಾಗದಲ್ಲಿ ಕುಸಿದಿದ್ದು ನೆನಪಿದೆ. ಈಗ ಒಂದು ದೋಸೆ ಎಂಟಕ್ಕೆ, ಇನ್ನೊಂದು ಹತ್ತೂವರೆಗೆ. ಊಟ ಮಾಡುವಾಗ ಬೆಲ್ಟ್ ಸಡಿಲಿಸಿ, ಏಳುವ ಮೊದಲು ಬಿಗಿ ಮಾಡುತ್ತೇವೆ. ಹೊಟ್ಟೆ ತುಂಬಿದ ಮೇಲೆ ಬಿಗಿಯುವುದು ಹಿಂಸೆ ಎನ್ನುತ್ತಾರೆ, ಸ್ವಲ್ಪ ತಿಂದರೆ ಹಿಂಸೆ ಇಲ್ಲ. ಉಪ್ಪಿನ ವಿಷಯದಲ್ಲಿ ಅಮ್ಮನಿಗೆ ನಂಬಿಕೆ ಬರಲು ಹದಿನೈದು ದಿನ ಹಿಡಿಯಿತು. ಇಷ್ಟು ವರ್ಷ ಉಪ್ಪು ಕಮ್ಮಿ ಮಾಡಿ ಎಂದವರೇ ಜಾಸ್ತಿ ಹಾಕಿ ಎಂದರೆ ಯಾರಿಗೆ ಗೊಂದಲ ಆಗುವುದಿಲ್ಲ? ಈಗ ಉಪ್ಪು ಹಾಕಿದ ಮಜ್ಜಿಗೆ ದಿನಕ್ಕೆ ಎರಡು ಲೋಟ, ಸಂಜೆ ಮಂಡಕ್ಕಿ. ಹೃದಯ ದುರ್ಬಲ ಇರುವವರಿಗೆ, ಕಿಡ್ನಿ ತೊಂದರೆ ಇರುವವರಿಗೆ ಇದು ಆಗದು, ಕೇಳಿಯೇ ಮಾಡಬೇಕು. ಮಲಬದ್ಧತೆಗೂ ಗಮನ ಕೊಡಿ, ತಿಣುಕುವಾಗ ಬಿಪಿ ಇಳಿಯುತ್ತದೆ.

ತಲೆ ಸುತ್ತಿದಾಗ ಏನು ಮಾಡಬೇಕು ಎನ್ನುವುದನ್ನೂ ಬರೆಯಲೇಬೇಕು. ಅಡಿಗೆಮನೆಯಲ್ಲೋ ಮದುವೆ ಮನೆಯ ಸಾಲಿನಲ್ಲೋ ನಿಂತಾಗ ಶುರುವಾದರೆ ಕಾಲಿಗೆ ಕಾಲು ಅಡ್ಡ ಹಾಕಿ ತೊಡೆ ಬಿಗಿಯುವುದು, ಮುಷ್ಟಿ ಹಿಡಿಯುವುದು. ಏನಾದರೂ ಹಿಡಿದುಕೊಂಡು ಮಾಡಬೇಕು, ಪಾರ್ಕಿನ್ಸನ್‌ನಲ್ಲಿ ಕಾಲು ಅಡ್ಡ ಹಾಕಿದರೆ ತೋಲ ತಪ್ಪಬಹುದು. ಹೋಗದಿದ್ದರೆ ತಕ್ಷಣ ಕೂರುವುದು, ಆಗಲೂ ಹೋಗದಿದ್ದರೆ ಮಲಗುವುದು. ನಾವು ಮೊದಲು ಮಾಡುತ್ತಿದ್ದ ತಪ್ಪು ಎಂದರೆ, ಬವಳಿ ಬಂದವರನ್ನು ನಾಲ್ಕು ಜನ ಸೇರಿ ಎತ್ತಿ ಕುರ್ಚಿಯಲ್ಲಿ ಕೂರಿಸಿ ಬಾಯಿಗೆ ನೀರು ಹಾಕುತ್ತಿದ್ದದ್ದು. ಮೆದುಳಿಗೆ ರಕ್ತ ಸಾಲದೆ ಬಿದ್ದವರನ್ನು ಮತ್ತೆ ನೆಟ್ಟಗೆ ಕೂರಿಸಬಾರದು. ಅಲ್ಲೇ ಮಲಗಿಸಿ, ಕಾಲು ಎತ್ತರಕ್ಕಿಡಿ, ಪೂರ್ತಿ ಎಚ್ಚರವಾಗುವವರೆಗೆ ನೀರು ಬೇಡ. ಎಚ್ಚರವಾಗದಿದ್ದರೆ ಅಥವಾ ತಲೆಗೆ ಪೆಟ್ಟಾಗಿದ್ದರೆ ಆಸ್ಪತ್ರೆಗೆ.

ಬೆಲ್ಟ್ ಒಂದೇ ಎಲ್ಲ ಮಾಡಿತು ಎಂದು ನಾನು ಹೇಳುತ್ತಿಲ್ಲ. ಐದನೇ ತಿಂಗಳಲ್ಲಿ ಸೆಕೆ ಏರಿದಾಗ ಅಂಕಿ ಮತ್ತೆ 95ಕ್ಕೆ ಬಂತು, ಡಾಕ್ಟರ್ ಬಿಪಿ ಏರಿಸುವ ಮಿಡೋಡ್ರಿನ್ ಮಾತ್ರೆ ಸಣ್ಣ ಪ್ರಮಾಣದಲ್ಲಿ ಶುರು ಮಾಡಿದರು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಅದು ಮಲಗಿದಾಗಿನ ಬಿಪಿಯನ್ನೂ ಏರಿಸುವುದರಿಂದ ಮಲಗುವುದಕ್ಕೆ ನಾಲ್ಕು ಗಂಟೆ ಮುಂಚೆಯೇ ಕೊನೆಯ ಮಾತ್ರೆ ಮುಗಿದಿರಬೇಕು. ತಲೆಯಲ್ಲಿ ಏನೋ ಹರಿದಾಡಿದ ಹಾಗೆ ಕಚಗುಳಿಯಾಗುತ್ತದೆ ಎನ್ನುತ್ತಾರೆ, ಅದು ಆ ಮಾತ್ರೆಯ ಗುಣವಂತೆ, ಹೆದರಬೇಕಾಗಿಲ್ಲ ಎಂದಿದ್ದಾರೆ. ಈಗ ಮಾತ್ರೆ, ಬೆಲ್ಟ್, ನೀರು ಎಲ್ಲ ಸೇರಿ ನಿಂತಾಗ 115ರ ಆಸುಪಾಸು ಇರುತ್ತದೆ. ಕಳೆದ ಐದೂವರೆ ತಿಂಗಳಿಂದ ಬಿದ್ದಿಲ್ಲ. ಬೆಲ್ಟ್ ಬರುವುದಕ್ಕೂ ಮುಂಚೆ ಎರಡು ತಿಂಗಳೊಳಗೆ ಮೂರು ಸಲ ಬಿದ್ದಿದ್ದರು.

ನಾನು ಡಾಕ್ಟರಲ್ಲ, ಮಗಳು. ನಿಮ್ಮ ಮನೆಯವರಿಗೆ ಯಾವುದು ಆಗುತ್ತದೆ ಎಂದು ಅವರ ಡಾಕ್ಟರೇ ಹೇಳಬೇಕು. ಆದರೆ ಒಂದು ಮಾತ್ರ ಕೇಳಿಕೊಳ್ಳುತ್ತೇನೆ. ಪಾರ್ಕಿನ್ಸನ್ ಇರುವವರು ಸುಸ್ತು ಎಂದರೆ, ನಿಂತರೆ ಮಂಜು ಮಂಜು ಎಂದರೆ, ಕತ್ತು ಭುಜ ನೋವು ಮಲಗಿದರೆ ಹೋಗುತ್ತದೆ ಎಂದರೆ, ಮುಂದಿನ ಸಲ ಆಸ್ಪತ್ರೆಗೆ ಹೋದಾಗ ‘ಮಲಗಿಸಿ ಒಂದು ಸಲ, ನಿಲ್ಲಿಸಿ ಒಂದು ಸಲ ಬಿಪಿ ನೋಡಿ’ ಎಂದು ಬಾಯಿಬಿಟ್ಟು ಕೇಳಿ. ನಾವು ಕೇಳಲಿಲ್ಲ, ಕೇಳಬೇಕು ಎಂದು ಗೊತ್ತಿರಲಿಲ್ಲ.

ಬೆಲ್ಟಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಲೂಪ್ ಇಲ್ಲದ್ದಕ್ಕೆ, ಸೆಕೆಗೆ. ಹೋದ ವಾರ ಎರಡನೆಯದನ್ನು ತಂದೆವು, ಅದೇ ಅಂಗಡಿ, ಅದೇ ಅಗಲ, ಈಗ 650 ರೂಪಾಯಿ. ಅಮ್ಮ ಅದಕ್ಕೂ ಸೀರೆ ಅಂಚಿನ ಲೂಪ್ ಹೊಲಿದಿದ್ದಾರೆ, ಈ ಸಲ ಕೆಂಪು. ನಿನ್ನೆ ಹನ್ನೊಂದು ಗಂಟೆಗೆ ಪೋಸ್ಟ್ ಬಂತು. ಈಗಿನ ಹುಡುಗ ಗೇಟಿನಿಂದ ಕೂಗಿದ. ಅಪ್ಪಾಜಿ ಕುರ್ಚಿಯ ಅಂಚಿಗೆ ಸರಿದು, ಪಾದ ಆಡಿಸಿ, ಬೆಲ್ಟ್ ಒಂದು ಸಲ ಮುಟ್ಟಿ ನೋಡಿಕೊಂಡು, ಎದ್ದು ನಿಂತು, ಅರ್ಧ ನಿಮಿಷ ಕಾದು, ಗೇಟಿನವರೆಗೆ ತಾವೇ ನಡೆದು ಹೋಗಿ ಕಾಗದ ಇಸಿದುಕೊಂಡರು. ಆ ಹುಡುಗನೂ ಕಾದ.